ಸಹ್ಯಾದ್ರಿಯ ಕಲ್ಲಿನ ಪದರ ಓದುವುದು ಹೇಗೆ? ಮುಂಬೈ–ಪುಣೆಯ ಕನ್ನಡಿಗರಿಗೊಂದು ಮಾರ್ಗದರ್ಶಿ

ಮಳೆ ನಿಂತು ಚಾರಣ ಶುರುವಾಯಿತು ಎಂದರೆ ಓದುಗರಿಂದ ಬರುವ ಪ್ರಶ್ನೆ ಒಂದೇ. ಡೊಂಬಿವಲಿಯಿಂದಲೂ ಅದೇ, ಠಾಣೆಯಿಂದಲೂ ಅದೇ, ಪುಣೆಯ ಕೋಥ್ರೂಡಿನಿಂದಲೂ ಅದೇ. "ಲೋಣಾವಳ ಘಾಟಿಯ ಬೆಟ್ಟದ ಮೈಮೇಲೆ ಅಡ್ಡಡ್ಡ ಪಟ್ಟಿಗಳು ಕಾಣುತ್ತವಲ್ಲ, ಅವು ಹಳೇ ಸಮುದ್ರದ ತಳದ ಪದರಗಳಾ?" ಮಕ್ಕಳ ಶಾಲೆ ಪ್ರಾಜೆಕ್ಟಿಗೆ ಕೇಳುವವರೂ ಇದ್ದಾರೆ, ಸುಮ್ನೆ ಕುತೂಹಲಕ್ಕೆ ಕೇಳುವವರೂ ಇದ್ದಾರೆ.

ಉತ್ತರ: ಅಲ್ಲ. ಅವು ಲಾವಾ ಪದರಗಳು. ಆದರೆ ಅವುಗಳ ಸಂದಿಯಲ್ಲಿ ಅಲ್ಲಲ್ಲಿ ತೆಳ್ಳಗೆ ಕೂತಿರುವ ಕೆಲವು ಪದರಗಳು ನಿಜವಾಗಿಯೂ ಕೆರೆ, ಹಿನ್ನೀರಿನ ಕೆಸರಿನಿಂದ ಆದವು. ಎಲ್ಲರ ಕಣ್ಣು ದಪ್ಪ ಕಪ್ಪು ಬಂಡೆಯ ಮೇಲೆ ಹೋಗುತ್ತದೆ. ಈ ನಾಡಿನ ಚರಿತ್ರೆ ಜಾಸ್ತಿ ಬರೆದಿರುವುದು ಮಾತ್ರ ಆ ಸಂದಿಯಲ್ಲಿ, ಮತ್ತೆ ಪದರಗಳು ಯಾವ ಕಡೆ ವಾಲಿವೆ ಎಂಬುದರಲ್ಲಿ. ಇವೆರಡನ್ನು ನೋಡಲು ಕಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಎರಡು ಮಾತು ಹಿನ್ನೆಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಒಂದು ಹರಿವು ಆರಿ ಕಲ್ಲಾಗುತ್ತಿತ್ತು, ಅದರ ಮೇಲೆ ಇನ್ನೊಂದು ಬರುತ್ತಿತ್ತು. ಹೀಗೆ ಬೆಳೆದ ರಾಶಿಗೆ ಡೆಕ್ಕನ್ ಟ್ರ್ಯಾಪ್ ಎಂದು ಹೆಸರು. ಸವೆದು ಹೋಗಿ ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಮಹಾರಾಷ್ಟ್ರದ ಬಹುಭಾಗ, ನಮ್ಮ ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿಯ ಉತ್ತರದ ಕಡೆ, ಎಲ್ಲ ಇದರ ಮೇಲೆಯೇ ಇವೆ. ಎರೆಮಣ್ಣು ಹುಟ್ಟಿದ್ದು ಈ ಕಲ್ಲು ಕರಗಿ. ಗೋಳಗುಮ್ಮಟ ಕಟ್ಟಿದ್ದೂ ಇದೇ ಕಲ್ಲಿನಿಂದ. ಕಲ್ಲಿನ ಹೆಸರು ಬಸಾಲ್ಟ್, ಅಂದರೆ ಲಾವಾ ಆರಿ ಆಗುವ ಕಪ್ಪುಕಲ್ಲು.

ಹೊರಡುವ ಮುಂಚೆ

ಬೇಕಾದ ಸಾಮಾನು ಕಡಿಮೆ. ಒಂದು ನೋಟ್‌ಬುಕ್, ಪೆನ್ಸಿಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಕಬ್ಬಿಣದ ಮೊಳೆ, ಚಿಕ್ಕ ಬಾಟಲಿಯಲ್ಲಿ ವಿನೆಗರ್, ಅಳತೆ ಟೇಪು. ಫೋನಿನಲ್ಲಿ ದಿಕ್ಸೂಚಿ ಮತ್ತು ಓರೆ ಅಳೆಯುವ ಕ್ಲೈನೋಮೀಟರ್ ಆ್ಯಪ್ ಇರಲಿ. ಫೋಟೋ ತೆಗೆಯುವಾಗ ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಪೆನ್ನನ್ನೋ ನಾಣ್ಯವನ್ನೋ ಇಡಿ.

ಸುತ್ತಿಗೆ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಲ್ಲು ಎತ್ತುವಂತಿಲ್ಲ. ಕಾನ್ಹೇರಿ, ಎಲಿಫೆಂಟಾದಂಥ ಗುಹೆಗಳು ಸಂರಕ್ಷಿತ ಸ್ಮಾರಕಗಳು, ಅಲ್ಲಿ ಗೀರುವುದೂ ತಪ್ಪು. ಕಲ್ಲು ಕ್ವಾರಿಗೆ ಮಾಲೀಕರ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ.

ಕಾಲ ನೋಡಿಕೊಂಡು ಹೊರಡಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯದು. ಹುಲ್ಲು ಒಣಗಿ ಬಂಡೆ ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಘಾಟಿಯ ಕಡಿದಾದ ಬದಿಗೆ ಹೋಗಲೇಬೇಡಿ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳಿಣ್ ಗ್ರಾಮದ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. ಈ ಬೆಟ್ಟಗಳ ಮೇಲ್ಮಣ್ಣು ನೀರು ಕುಡಿದರೆ ಎಷ್ಟು ಬೇಗ ಜಾರುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು ನಿಲ್ಲಿಸಿ ಬಂಡೆ ನೋಡುವುದು, ರೈಲು ಹಳಿಯ ಮೇಲೆ ನಡೆಯುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಹಂತ 1: ಮನೆಯ ನೆಲದಿಂದ ಶುರು ಮಾಡಿ

ಮುಂಬೈ, ಪುಣೆಯ ಹಳೇ ಚಾಳುಗಳ ಅಡುಗೆಮನೆಯಲ್ಲಿ, ಕಟ್ಟಡದ ಅಂಗಳದಲ್ಲಿ ಬೂದುಬಣ್ಣದ ಚಪ್ಪಡಿ ಹಾಸಿರುತ್ತಾರೆ. ಶಹಾಬಾದ್ ಕಲ್ಲು. ಇದು ನಮ್ಮ ಕಲಬುರಗಿ ಜಿಲ್ಲೆಯ ಸುಣ್ಣದಕಲ್ಲು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವವರು ಕಲಬುರಗಿ ದಾಟಿ ವಾಡಿ ಮುಟ್ಟುವುದರೊಳಗೆ ಈ ಕಲ್ಲಿನ ಗಣಿಗಳನ್ನು ಕಿಟಕಿಯಿಂದಲೇ ನೋಡಬಹುದು. ನೀರಿನ ತಳದಲ್ಲಿ ನಯವಾದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಇಂಥದ್ದಕ್ಕೆ ಸಂಚಿತ ಶಿಲೆ ಎನ್ನುತ್ತಾರೆ. ಲಾವಾಕ್ಕಿಂತ ಎಷ್ಟೋ ಕೋಟಿ ವರ್ಷ ಹಳೆಯದು. ಆ ಭಾಗದಲ್ಲಿ ಲಾವಾ ಇದರ ಮೇಲೆ ಹರಿದು ಕೂತಿದೆ.

ಇದರ ಒಂದು ಒಡೆದ ತುಂಡು ತೆಗೆದುಕೊಳ್ಳಿ. ರಸ್ತೆ ಕೆಲಸದ ಜಲ್ಲಿಕಲ್ಲು ಒಂದು ತೆಗೆದುಕೊಳ್ಳಿ, ಇಲ್ಲಿನವರು ಅದಕ್ಕೆ ಖಡಿ ಅನ್ನುತ್ತಾರೆ. ಅದು ಬಸಾಲ್ಟ್. ಈಗ ಮೂರು ಪರೀಕ್ಷೆ ಮಾಡಿ.

ಮೊಳೆಯಿಂದ ಗೀರಿ. ಶಹಾಬಾದ್ ಕಲ್ಲಿನ ಮೇಲೆ ಸುಲಭವಾಗಿ ಬಿಳಿ ಗೆರೆ ಬಿದ್ದು ಪುಡಿ ಏಳುತ್ತದೆ. ಬಸಾಲ್ಟ್ ಅಷ್ಟು ಬೇಗ ಬಗ್ಗುವುದಿಲ್ಲ. ಆ ಪುಡಿಯ ಮೇಲೆ ಎರಡು ಹನಿ ವಿನೆಗರ್ ಬಿಡಿ. ಸುಣ್ಣದಕಲ್ಲಾದರೆ ಸಣ್ಣ ಗುಳ್ಳೆ ಬರುತ್ತವೆ. ಆಮೇಲೆ ಭೂತಗನ್ನಡಿಯಲ್ಲಿ ಅಂಚು ನೋಡಿ. ಒಂದರಲ್ಲಿ ತೆಳು ಪದರಗಳ ಗೆರೆ. ಇನ್ನೊಂದರಲ್ಲಿ ಗೆರೆ ಇಲ್ಲ, ಒಂದಕ್ಕೊಂದು ಹೆಣೆದುಕೊಂಡ ಸಣ್ಣ ಹರಳುಗಳು, ಕೆಲವೊಮ್ಮೆ ತೂತುಗಳು.

ಎಡವುವ ಜಾಗ: ಬಸಾಲ್ಟಿನ ತೂತುಗಳಲ್ಲಿ ಬಿಳಿ ಕ್ಯಾಲ್ಸೈಟ್, ಅಂದರೆ ಸುಣ್ಣದ ಹರಳು, ತುಂಬಿದ್ದರೆ ಅದೂ ವಿನೆಗರಿಗೆ ಗುಳ್ಳೆ ಬಿಡುತ್ತದೆ. ಬಿಳಿ ಚುಕ್ಕೆ ಬಿಟ್ಟು ಕಪ್ಪು ಭಾಗದ ಮೇಲೆ ಪರೀಕ್ಷೆ ಮಾಡಿ.

ಹಂತ 2: ಒಂದು ಲಾವಾ ಹರಿವಿನ ತಲೆ, ಹೊಟ್ಟೆ, ಕಾಲು ಗುರುತಿಸಿ

ಇದಕ್ಕೆ ಪುಣೆ ಒಳ್ಳೆಯದು. ಅಲ್ಲಿ ಪದರಗಳು ಹೆಚ್ಚೂಕಡಿಮೆ ಮಟ್ಟಸವಾಗಿ ಮಲಗಿವೆ, ಗೊಂದಲ ಕಡಿಮೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ಸಿಂಹಗಡದ ದಾರಿ, ಯಾವುದಾದರೂ ಆದೀತು.

ಬಂಡೆಯ ಮೈ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬನ್ನಿ. ಹರಿವಿನ ತಳದಲ್ಲಿ ಕೆಲವೊಮ್ಮೆ ಬೆರಳುದ್ದದ ನಿಂತ ಕೊಳವೆಗಳಂಥ ತೂತುಗಳು ಇರುತ್ತವೆ. ಬಿಸಿ ಲಾವಾದಿಂದ ಅನಿಲ ಮೇಲಕ್ಕೆ ಎದ್ದ ಗುರುತು ಅವು. ನಡುಭಾಗ ಗಟ್ಟಿ, ತೂತಿಲ್ಲ, ಅಲ್ಲಿ ಮೇಲಿನಿಂದ ಕೆಳಕ್ಕೆ ಸೀಳುಗಳಿರುತ್ತವೆ. ತಲೆಯ ಭಾಗ ಪೂರ್ತಿ ತೂತು ತೂತು. ಅನಿಲದ ಗುಳ್ಳೆ ಮೇಲೆ ಬಂದು ಸಿಕ್ಕಿಬಿದ್ದ ಜಾಗ ಅದು. ಈ ಗುಳ್ಳೆಯ ಗೂಡುಗಳಲ್ಲಿ ಆಮೇಲೆ ನೀರು ಇಳಿದು ಜಿಯೋಲೈಟ್ ಎಂಬ ಬಿಳಿ, ತಿಳಿಗುಲಾಬಿ, ತಿಳಿಹಸಿರು ಹರಳುಗಳು ಬೆಳೆದಿವೆ. ಪುಣೆ ಹತ್ತಿರದ ವಾಘೋಲಿ ಕ್ವಾರಿಗಳಲ್ಲಿ ಸಿಕ್ಕ ಕಡುನೀಲಿ ಕವನ್ಸೈಟ್ ಹರಳನ್ನು ಜಗತ್ತಿನ ಸಂಗ್ರಾಹಕರೆಲ್ಲ ಹುಡುಕುತ್ತಾರೆ.

ತೂತಿನ ತಲೆ ಮುಗಿದು ಮತ್ತೆ ಗಟ್ಟಿ ಕಲ್ಲು ಶುರುವಾಯಿತಾ? ಅಲ್ಲಿಗೆ ಒಂದು ಹರಿವು ಮುಗಿಯಿತು, ಇನ್ನೊಂದು ಶುರು. ಬೆಟ್ಟ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದೂ ಇದೇ ಕಾರಣಕ್ಕೆ. ಗಟ್ಟಿ ಹೊಟ್ಟೆ ಗೋಡೆಯಂತೆ ನಿಲ್ಲುತ್ತದೆ, ಮೆತ್ತಗಿನ ತಲೆ ಸವೆದು ಇಳಿಜಾರಾಗುತ್ತದೆ.

ಇಲ್ಲಿ ತಪ್ಪು ತುಂಬಾ ಆಗುತ್ತದೆ. ಮೂರನ್ನು ನೆನಪಿಡಿ.

ಒಂದು, ಈರುಳ್ಳಿ ಸಿಪ್ಪೆಯಂತೆ ಗುಂಡಗೆ ಬಿಚ್ಚಿಕೊಳ್ಳುವ ಬಸಾಲ್ಟ್ ಇಲ್ಲಿ ಎಲ್ಲೆಡೆ ಇದೆ. ಅದು ಬಿಸಿಲು, ಮಳೆಗೆ ಕಲ್ಲು ಕೊಳೆತ ರೀತಿ. ಪದರವಲ್ಲ.

ಎರಡು, ನಿಂತ ಸೀಳುಗಳನ್ನು "ಲಂಬವಾಗಿ ನಿಂತ ಪದರ" ಎಂದು ಬರೆಯಬೇಡಿ. ಲಾವಾ ಆರುವಾಗ ಕುಗ್ಗಿ, ಐದು–ಆರು ಮೂಲೆಯ ಕಂಬಗಳಾಗಿ ಸೀಳುತ್ತದೆ. ಅಂಧೇರಿಯ ಗಿಲ್ಬರ್ಟ್ ಹಿಲ್ ಇದಕ್ಕೆ ಕಣ್ಣೆದುರಿನ ಉದಾಹರಣೆ, ಸುಮಾರು 60 ಮೀಟರ್ ಎತ್ತರದ ಕಂಬಗಳ ಗುಡ್ಡ. ಉಡುಪಿಯವರು ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ದ್ವೀಪದಲ್ಲಿ ಇಂಥದ್ದೇ ಕಂಬ ನೋಡಿರುತ್ತೀರಿ. ಆದರೆ ಅದು ಬೇರೆ ಕಥೆ, ಬೇರೆ ವಯಸ್ಸು. ಕೊನೆಯ ಹಂತದಲ್ಲಿ ಹೇಳುತ್ತೇನೆ.

ಮೂರು, ಮೆಟ್ಟಿಲು ಎಣಿಸಿ ಹರಿವಿನ ಲೆಕ್ಕ ಹೇಳಬೇಡಿ. ಒಂದೇ ಹರಿವು ಸಣ್ಣ ಸಣ್ಣ ನಾಲಗೆಗಳಾಗಿ ಒಂದರ ಮೇಲೊಂದು ಚಾಚಿ ಕೂತಿರಬಹುದು. ಪುಸ್ತಕದಲ್ಲಿ ಓದಿ "ಇದು ಖಂಡಾಳ ಸ್ತರ, ಇದು ಬುಶೆ, ಇದು ಪೊಲಾದ್‌ಪುರ, ಇದು ಮಹಾಬಳೇಶ್ವರ" ಎಂದು ಕಣ್ಣಳತೆಯಲ್ಲಿ ಹೆಸರಿಡುವವರೂ ಇದ್ದಾರೆ. ಭೂವಿಜ್ಞಾನಿಗಳು ಈ ಹೆಸರು ಕೊಟ್ಟಿರುವುದು ಮುಖ್ಯವಾಗಿ ಕಲ್ಲಿನ ರಾಸಾಯನಿಕ ಪರೀಕ್ಷೆಯಿಂದ. ನಮ್ಮ ಕಣ್ಣಿಗೆ ಅವು ಬಹುತೇಕ ಒಂದೇ ಥರ ಕಾಣುತ್ತವೆ.

ಹಂತ 3: ಎರಡು ಹರಿವುಗಳ ಸಂದಿ ನೋಡಿ

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದೇ.

ಸಂದಿಯಲ್ಲಿ ಮೂರು ಥರದ ವಸ್ತು ಸಿಗಬಹುದು. ಮೊದಲನೆಯದು ಕೆಂಪು ಪಟ್ಟಿ. ಘಾಟಿ ರಸ್ತೆಯ ಕತ್ತರಿಸಿದ ಗೋಡೆಯಲ್ಲಿ ಇಟ್ಟಿಗೆ ಬಣ್ಣದ ಅಡ್ಡ ಗೆರೆ ದೂರದಿಂದಲೇ ಎದ್ದು ಕಾಣುತ್ತದೆ. ಇದನ್ನು ರೆಡ್ ಬೋಲ್ ಎನ್ನುತ್ತಾರೆ. ಕೆಳಗಿನ ಹರಿವು ಆರಿದ ಮೇಲೆ ಅದರ ತಲೆ ಮಳೆ–ಗಾಳಿಗೆ ಕೊಳೆತು ಮಣ್ಣಾಯಿತು, ಕೆಲವೆಡೆ ಜ್ವಾಲಾಮುಖಿಯ ಬೂದಿಯೂ ಅದರೊಳಗೆ ಸೇರಿತು. ಆಮೇಲೆ ಬಂದ ಲಾವಾ ಅದನ್ನು ಸುಟ್ಟು ಕೆಂಪು ಮಾಡಿತು. ದಪ್ಪ ಕೆಲವು ಸೆಂಟಿಮೀಟರಿನಿಂದ ಒಂದು ಮೀಟರಿಗೂ ಮೇಲೆ ಇರಬಹುದು. ಜೇಡಿ ಜಾಸ್ತಿ ಇರುವುದರಿಂದ ಮೇಲಿನಿಂದ ಇಳಿದ ನೀರು ಇದನ್ನು ದಾಟಲಾರದೆ ಪಕ್ಕಕ್ಕೆ ಒಸರುತ್ತದೆ. ಮಳೆಗಾಲ ಮುಗಿದ ಮೇಲೂ ಬೆಟ್ಟದ ಒಂದು ಮಟ್ಟದಲ್ಲಿ ಸಾಲಾಗಿ ಹಸಿರು, ತೇವ ಕಂಡರೆ ಅಲ್ಲಿ ಬೋಲ್ ಇರಬಹುದು ಎಂದು ಹುಡುಕಿ.

ಎರಡನೆಯದು ನಿಜವಾದ ಕೆಸರಿನ ಪದರ. ಎರಡು ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ ತಗ್ಗಿನಲ್ಲಿ ನೀರು ನಿಂತು ಕೆರೆಯಾಯಿತು. ಕೆಸರು ಕೂತಿತು, ಎಲೆ ಬಿತ್ತು, ಜೀವಿಗಳು ಬದುಕಿ ಸತ್ತವು. ಮತ್ತೆ ಲಾವಾ ಬಂದು ಮುಚ್ಚಿತು. ಇದಕ್ಕೆ ಇಂಟರ್‌ಟ್ರ್ಯಾಪಿಯನ್ ಪದರ ಎನ್ನುತ್ತಾರೆ, ಟ್ರ್ಯಾಪ್‌ಗಳ ನಡುವಿನದು ಎಂದು. ಮೂರನೆಯದು ಬೂದಿಯ ಪದರ, ಅಂದರೆ ಟಫ್. ಗಾಳಿಯಲ್ಲಿ ಹಾರಿದ ಜ್ವಾಲಾಮುಖಿ ಬೂದಿ ಬಿದ್ದು ಗಟ್ಟಿಯಾದದ್ದು.

ಬೋಲ್ ಯಾವುದು, ಕೆಸರಿನ ಕಲ್ಲು ಯಾವುದು ಅಂತ ಹೀಗೆ ನೋಡಿ. ಬೋಲ್‌ನಲ್ಲಿ ಸಾಮಾನ್ಯವಾಗಿ ಒಳಗೆರೆ ಇರುವುದಿಲ್ಲ, ಮುಟ್ಟಿದರೆ ಕೆಂಪು ಪುಡಿ ಕೈಗೆ ಹತ್ತುತ್ತದೆ, ಕೆಳಗೆ ಹೋದಂತೆ ನಿಧಾನವಾಗಿ ತೂತಿನ ಬಸಾಲ್ಟಾಗಿ ಬದಲಾಗುತ್ತದೆ. ಕೆಸರಿನ ಕಲ್ಲು ಬೂದು, ಕಂದು ಇಲ್ಲವೇ ಕಪ್ಪು. ಕಾಗದದಂತೆ ತೆಳು ಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಬಾಯಿಯ ಬಿಸಿಯುಸಿರು ಬಿಟ್ಟು ಮೂಸಿದರೆ ಹಸಿಮಣ್ಣಿನ ವಾಸನೆ ಬರುತ್ತದೆ. ಅದರ ತಳದ ಗಡಿ ಚೂಪಾಗಿರುತ್ತದೆ, ಮೇಲಿನ ಅಂಚು ಲಾವಾದ ಬಿಸಿಗೆ ಬೆಂದು ಗಟ್ಟಿಯಾಗಿರುತ್ತದೆ. ಬೂದಿಯ ಪದರವೂ ಗೆರೆ ಗೆರೆಯಾಗಿ ಕಾಣಬಹುದು, ಅದಕ್ಕೇ ಗೊಂದಲ. ಭೂತಗನ್ನಡಿಯಲ್ಲಿ ಚೂಪು ಅಂಚಿನ ಗಾಜಿನಂಥ ಚೂರು, ಮುರಿದ ಹರಳು ಕಂಡರೆ ಬೂದಿ ಎಂದು ಗುರುತು ಹಾಕಿ. ನಿರ್ಧಾರ ಆಗದಿದ್ದರೆ ನೋಟ್‌ಬುಕ್ಕಿನಲ್ಲಿ "ಮೆತ್ತಗಿನ ಬೂದು ಪದರ, 40 ಸೆಂ.ಮೀ., ಹಾಳೆಯಂತೆ ಬಿಡಿಸುತ್ತದೆ" ಎಂದು ಕಂಡದ್ದನ್ನಷ್ಟೇ ಬರೆಯಿರಿ. ಹೆಸರು ಆಮೇಲೆ ಇಡಬಹುದು.

ಈ ಪದರಗಳ ವಿಷಯದಲ್ಲಿ ಮುಂಬೈ ಬಹಳ ಶ್ರೀಮಂತ ಊರು, ನಮಗೆ ಗೊತ್ತೇ ಇರುವುದಿಲ್ಲ. ವರ್ಲಿ, ಮಲಬಾರ್ ಹಿಲ್ ಗುಡ್ಡಗಳ ಬಸಾಲ್ಟ್ ಕೆಳಗೆ ಇಂಥ ಕೆಸರಿನ ಪದರಗಳಿವೆ. 19ನೇ ಶತಮಾನದಲ್ಲಿ ಅಲ್ಲಿ ಅಗೆದಾಗ ಪುಟ್ಟ ಪುಟ್ಟ ಕಪ್ಪೆಗಳ ಪಳೆಯುಳಿಕೆ ಸಿಕ್ಕವು. ಇಂಗ್ಲೆಂಡಿನ ರಿಚರ್ಡ್ ಓವೆನ್ 1847ರಲ್ಲಿ ಅವನ್ನು ವರ್ಣಿಸಿ ಹೆಸರಿಟ್ಟರು. ಈಗಿನ ಹೆಸರು ಇಂಡೋಬ್ಯಾಟ್ರಾಕಸ್ ಪುಸಿಲಸ್. ಸಿಹಿನೀರಿನ ಆಮೆಯೂ ಸಿಕ್ಕಿತು. ಎಚ್. ಜೆ. ಕಾರ್ಟರ್ 1852ರಲ್ಲಿ ಮುಂಬೈ ದ್ವೀಪದ ಭೂರಚನೆಯ ಬಗ್ಗೆ ವಿವರವಾಗಿ ಬರೆದರು. ಪಶ್ಚಿಮ ಉಪನಗರದ ಜೋಗೇಶ್ವರಿ, ಅಂಬೋಲಿ ಕಡೆಯ ಹಳೇ ಕ್ವಾರಿಗಳಲ್ಲೂ ಇಂಥ ಪದರ ಸಿಕ್ಕಿದೆ. ಡೈನೋಸಾರ್‌ಗಳು 6.6 ಕೋಟಿ ವರ್ಷಗಳ ಹಿಂದೆ ಅಳಿದವು. ಮುಂಬೈನ ಕಲ್ಲುಗಳ ವಯಸ್ಸು ಅದಕ್ಕಿಂತ ಈಚಿನದು. ಅಂದರೆ ವರ್ಲಿಯ ಈ ಕಪ್ಪೆಗಳು ವಟಗುಟ್ಟಿದ್ದು ಡೈನೋಸಾರ್‌ಗಳು ಹೋದ ಮೇಲೆ, ಲಾವಾ ಇನ್ನೂ ಪೂರ್ತಿ ನಿಲ್ಲದ ನಾಡಿನಲ್ಲಿ. ಇದನ್ನು ಶಾಲೆಯ ಮಕ್ಕಳಿಗೆ ಖಂಡಿತ ಹೇಳಿ.

ಈಗ ವರ್ಲಿಯಲ್ಲಿ ಹುಡುಕಲು ಹೋಗಬೇಡಿ, ಎಲ್ಲ ಕಟ್ಟಡದಡಿ ಸೇರಿದೆ. ಆದರೆ ಮುಂಬೈಯಲ್ಲಿ ದಿನಾ ಎಲ್ಲೋ ಒಂದು ಕಡೆ ಅಡಿಪಾಯ ತೋಡುತ್ತಿರುತ್ತಾರೆ. ಬೇಲಿಯ ಹೊರಗೆ ನಿಂತೇ ಗುಂಡಿಯ ಗೋಡೆ ನೋಡಿ. ಕಪ್ಪು ಬಂಡೆಯ ನಡುವೆ ತೆಳು ಹಾಳೆಗಳ ಪದರ ಕಂಡರೆ ಫೋಟೋ, ಜಾಗ, ದಿನಾಂಕ ಬರೆದಿಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಅದರ ಮೇಲೆ ಕಾಂಕ್ರೀಟ್ ಬೀಳುತ್ತದೆ. ನಿಮ್ಮ ಫೋಟೋ ಒಂದೇ ಉಳಿಯುವ ದಾಖಲೆಯಾದರೂ ಆಗಬಹುದು.

ಎಡವುವ ಜಾಗಗಳು ಎರಡು. ಬಿರುಕಿನ ಮೇಲೆ ಜರೀಗಿಡದಂತೆ ಕವಲೊಡೆದ ಕಪ್ಪು ಚಿತ್ತಾರ ಕಂಡ ಕೂಡಲೇ "ಎಲೆಯ ಪಳೆಯುಳಿಕೆ ಸಿಕ್ಕಿತು" ಎಂದು ಸಂಭ್ರಮಿಸುತ್ತಾರೆ. ಬಹುಮಟ್ಟಿಗೆ ಅದು ಮ್ಯಾಂಗನೀಸ್ ನೀರಿನೊಂದಿಗೆ ಹರಿದು ಬೆಳೆದ ಡೆಂಡ್ರೈಟ್. ಎಲೆಯಾದರೆ ನಡುನರ ಇರುತ್ತದೆ, ಅಂಚು ಇರುತ್ತದೆ. ಇನ್ನೊಂದು, ದಪ್ಪ ನೋಡಿ ಕಾಲ ಅಳೆಯುವುದು. 30 ಮೀಟರ್ ದಪ್ಪದ ಹರಿವಿಗಿಂತ ಅರ್ಧ ಮೀಟರ್ ಬೋಲ್ ಆಗಲು ಎಷ್ಟೋ ಪಟ್ಟು ಜಾಸ್ತಿ ಕಾಲ ಹಿಡಿದಿರುತ್ತದೆ. ಮಣ್ಣು ಆಗುವುದು ನಿಧಾನದ ಕೆಲಸ. ಕಾಲ ಕೂತಿರುವುದು ತೆಳು ಪಟ್ಟಿಯಲ್ಲಿ.

ಹಂತ 4: ಓರೆ ಅಳೆಯಿರಿ

ಪದರ ಎಷ್ಟು ಡಿಗ್ರಿ ವಾಲಿದೆ, ಯಾವ ದಿಕ್ಕಿಗೆ ವಾಲಿದೆ ಎಂಬುದಕ್ಕೆ ಡಿಪ್ ಎನ್ನುತ್ತಾರೆ. ಲಾವಾ ಹರಿಯುವಾಗ ಸರಿಸುಮಾರು ಮಟ್ಟಸವಾಗಿ ಹರಡುತ್ತದೆ. ಕೆಸರಂತೂ ಮಟ್ಟಸವಾಗಿಯೇ ಕೂರುತ್ತದೆ. ಹಾಗಾಗಿ ಕೆಸರಿನ ಪದರ ಓರೆಯಾಗಿದ್ದರೆ, ಅದು ಕೂತಾದ ಮೇಲೆ ನೆಲ ಅಲುಗಿದೆ ಎಂದರ್ಥ. ಓರೆ ಅಳೆಯಲು ಸಂದಿಯ ಪದರವೇ ಹೆಚ್ಚು ನಂಬಿಕಸ್ತ ಎನ್ನುವುದು ಇದಕ್ಕೇ.

ಅಳೆಯುವ ಕ್ರಮ ಹೀಗೆ. ಪದರದ ಮೇಲ್ಮೈ ಚಪ್ಪಟೆಯಾಗಿ ತೆರೆದಿರುವ ಜಾಗ ಹುಡುಕಿ. ಅದರ ಮೇಲೆ ನೋಟ್‌ಬುಕ್ ಮಲಗಿಸಿ. ಪುಸ್ತಕದ ಮೇಲೆ ಸ್ವಲ್ಪ ನೀರು ಬಿಟ್ಟರೆ ಯಾವ ಕಡೆ ಹರಿಯುತ್ತದೋ ಅದೇ ವಾಲಿದ ದಿಕ್ಕು. ಫೋನನ್ನು ಆ ದಿಕ್ಕಿಗೆ ಉದ್ದುದ್ದ ಇಟ್ಟು ಕ್ಲೈನೋಮೀಟರಿನಲ್ಲಿ ಡಿಗ್ರಿ ಓದಿ, ದಿಕ್ಸೂಚಿಯಲ್ಲಿ ದಿಕ್ಕು ಓದಿ. ಒಂದೇ ಜಾಗದಲ್ಲಿ ನಾಲ್ಕೈದು ಸಲ ಅಳೆದು ಎಲ್ಲವನ್ನೂ ಬರೆದುಕೊಳ್ಳಿ.

ಮೇಲ್ಮೈ ಸಿಗದೆ ಬರೀ ಕತ್ತರಿಸಿದ ಗೋಡೆ ಇದ್ದರೆ ಒಂದು ಗೋಡೆ ನಂಬಬೇಡಿ. ಪದರ ವಾಲಿದ ದಿಕ್ಕಿಗೆ ಅಡ್ಡಲಾಗಿ ಕೊಯ್ದ ಗೋಡೆಯಲ್ಲಿ ನೋಡಿದರೆ ಅದು ಮಟ್ಟಸವಾಗಿಯೇ ಕಾಣುತ್ತದೆ. ಬೇರೆ ದಿಕ್ಕಿಗೆ ಮುಖ ಮಾಡಿದ ಇನ್ನೊಂದು ಗೋಡೆಯನ್ನೂ ನೋಡಿ. ಉರುಳಿ ಬಂದ ಬಂಡೆಯ ಮೇಲೆ ಅಳೆಯುವುದು, ಗುಡ್ಡದ ಇಳಿಜಾರನ್ನೇ ಪದರದ ಓರೆ ಎಂದುಕೊಳ್ಳುವುದು, ಕಬ್ಬಿಣದ ಬೇಲಿಯ ಪಕ್ಕದಲ್ಲಿ ದಿಕ್ಸೂಚಿ ನೋಡುವುದು, ಈ ಮೂರೂ ಲೆಕ್ಕ ಕೆಡಿಸುತ್ತವೆ. ಬಸಾಲ್ಟಿನಲ್ಲಿ ಮ್ಯಾಗ್ನಟೈಟ್ ಎಂಬ ಕಾಂತಗುಣದ ಖನಿಜ ಇರುತ್ತದೆ. ಫೋನನ್ನು ಬಂಡೆಗೆ ತಾಗಿಸಿ ಒಮ್ಮೆ, ಎದೆಯೆತ್ತರಕ್ಕೆ ಎತ್ತಿ ಒಮ್ಮೆ ದಿಕ್ಕು ನೋಡಿ. ವ್ಯತ್ಯಾಸ ಬಂದರೆ ಎತ್ತಿ ನೋಡಿದ್ದನ್ನೇ ಬರೆಯಿರಿ.

ಈಗ ಇದನ್ನೇ ಪುಣೆಯಿಂದ ಮುಂಬೈವರೆಗೆ ಮಾಡುತ್ತಾ ಬನ್ನಿ. ಪುಣೆಯಲ್ಲಿ ಮಟ್ಟಸ. ಲೋಣಾವಳದಲ್ಲಿ ಮಟ್ಟಸ. ಘಾಟಿ ಇಳಿದು ಮಾಥೇರಾನ್ ಬೆಟ್ಟ ನೋಡಿದರೆ ಅಲ್ಲೂ ಪಟ್ಟಿಗಳು ಮಟ್ಟಸವೇ. ಪನ್ವೇಲ್, ಕಲ್ಯಾಣ್ ಸುತ್ತ ಬರುತ್ತಿದ್ದಂತೆ ಪದರಗಳು ಪಶ್ಚಿಮಕ್ಕೆ, ಸಮುದ್ರದ ಕಡೆ ಬಾಗತೊಡಗುತ್ತವೆ. ಹತ್ತು–ಹದಿನೈದು ಡಿಗ್ರಿ, ಕೆಲವೆಡೆ ಇನ್ನೂ ಜಾಸ್ತಿ. ಕೊಂಕಣದಲ್ಲಿ ಉತ್ತರ–ದಕ್ಷಿಣವಾಗಿ ಹೋಗುವ ಈ ಬಾಗಿಗೆ ಪನ್ವೇಲ್ ಫ್ಲೆಕ್ಸರ್ ಎಂದು ಹೆಸರು. ಮುಂಬೈ ಊರು ಪೂರ್ತಿ ಈ ಬಾಗಿನ ಸಮುದ್ರದ ಕಡೆ ಕೂತಿದೆ. ಮಲಬಾರ್ ಹಿಲ್–ವರ್ಲಿ ಒಂದು ಸಾಲು, ಶಿವಡಿ–ಸಾಯನ್ ಇನ್ನೊಂದು ಸಾಲು, ಎರಡೂ ಉತ್ತರ–ದಕ್ಷಿಣ ಉದ್ದಕ್ಕೆ ಇರುವುದು ಸುಮ್ನೆ ಅಲ್ಲ. ಪಶ್ಚಿಮಕ್ಕೆ ವಾಲಿದ ಗಟ್ಟಿ ಪದರಗಳ ಅಂಚುಗಳು ಸಾಲುಗುಡ್ಡಗಳಾಗಿ ಉಳಿದಿವೆ, ನಡುವಿನ ಮೆತ್ತಗಿನದು ತಗ್ಗಾಗಿದೆ.

ಯಾಕೆ ಬಾಗಿತು? ಪಶ್ಚಿಮ ಕರಾವಳಿ ಬಿರಿದು ದೂರ ಸರಿದದ್ದಕ್ಕೂ ಇದಕ್ಕೂ ನಂಟಿದೆ ಎಂಬುದರಲ್ಲಿ ಒಪ್ಪಿಗೆ ಇದೆ. ಬರೀ ಬಾಗಿದ್ದಾ, ಅಥವಾ ಕೆಳಗಿನ ಸ್ತರಭಂಗಗಳ ಮೇಲೆ ತುಂಡು ತುಂಡಾಗಿ ಜಾರಿ ವಾಲಿದ್ದಾ ಎಂಬುದು ಚರ್ಚೆಯಲ್ಲಿದೆ. ಸ್ತರಭಂಗ ಅಂದರೆ ಬಂಡೆ ಸೀಳಿ ಎರಡು ಬದಿ ಒಂದಕ್ಕೊಂದು ಜಾರಿದ ಗೆರೆ.

ಹಂತ 5: ಕೊಯ್ದು ಹೋದದ್ದನ್ನು ಗುರುತಿಸಿ

ಕೆಲವೆಡೆ ಪದರಗಳನ್ನು ಅಡ್ಡ ಸೀಳಿಕೊಂಡು ನೆಟ್ಟಗೆ ನಿಂತ ಕಲ್ಲಿನ ಗೋಡೆ ಕಾಣುತ್ತದೆ. ಅದು ಡೈಕ್. ಬಿರುಕಿನೊಳಗೆ ನುಗ್ಗಿದ ಲಾವಾ ಅಲ್ಲೇ ಗಟ್ಟಿಯಾದದ್ದು. ಮುರುಡ್–ಜಂಜೀರಾ ಕಡೆಯ ಕಡಲತೀರದಲ್ಲಿ ಇಳಿತದ ಹೊತ್ತಿಗೆ ಹೋದರೆ ಬಂಡೆಯ ಹಾಸಿನ ಮೇಲೆ ಉದ್ದಕ್ಕೆ ಓಡುವ ಡೈಕ್‌ಗಳು ಸಿಗುತ್ತವೆ. ನಿಯಮ ಸರಳ: ಕೊಯ್ದದ್ದು, ಕೊಯ್ಯಿಸಿಕೊಂಡದ್ದಕ್ಕಿಂತ ಹೊಸದು. ಡೈಕ್ ಯಾವ ದಿಕ್ಕಿಗೆ ಓಡುತ್ತದೆ ಎಂದು ಬರೆದುಕೊಳ್ಳಿ. ನೆಲ ಅದಕ್ಕೆ ಅಡ್ಡ ದಿಕ್ಕಿನಲ್ಲಿ ಹಿಗ್ಗಿದೆ ಎಂದು ಅದು ಹೇಳುತ್ತದೆ. ಉತ್ತರ–ದಕ್ಷಿಣ ಡೈಕ್ ಎಂದರೆ ಪೂರ್ವ–ಪಶ್ಚಿಮಕ್ಕೆ ಎಳೆತ.

ತೀರಕ್ಕೆ ಹೋಗುವ ಮುಂಚೆ ಉಬ್ಬರ–ಇಳಿತದ ವೇಳಾಪಟ್ಟಿ ನೋಡಿ. ಮುಂಬೈಯಲ್ಲಿ ದೊಡ್ಡ ಉಬ್ಬರದ ದಿನ ನೀರು 4.5 ಮೀಟರಿಗೂ ಮೇಲೆ ಏರುತ್ತದೆ. ಇಳಿತಕ್ಕೆ ಒಂದು ಗಂಟೆ ಮುಂಚೆ ಇಳಿದು, ನೀರು ತಿರುಗಿದ ಕೂಡಲೇ ಮೇಲೆ ಬನ್ನಿ.

ಹಂತ 6: ಮುಂಬೈಯ ಬಸಾಲ್ಟ್ ಅಲ್ಲದ ಕಲ್ಲುಗಳು

ಪುಣೆಯ ಅಭ್ಯಾಸದ ಮೇಲೆ ಮುಂಬೈಗೆ ಬಂದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಇಲ್ಲಿ ಕಪ್ಪುಕಲ್ಲು ಮಾತ್ರ ಅಲ್ಲ. ಅಂಧೇರಿಯ ಮಹಾಕಾಳಿ ಗುಹೆ, ಬೊರಿವಲಿಯ ಮಂಡಪೇಶ್ವರ ಗುಹೆಗಳ ಗೋಡೆ ನೋಡಿ. ಚೂಪು ಮೂಲೆಯ ಕಲ್ಲಿನ ಚೂರುಗಳು ಬೂದಿಯಲ್ಲಿ ಅಂಟಿಕೊಂಡಿವೆ. ಅದು ಜ್ವಾಲಾಮುಖಿ ಬ್ರೆಕ್ಸಿಯಾ, ಸ್ಫೋಟದಲ್ಲಿ ಒಡೆದ ಚೂರುಗಳ ಕಲ್ಲು. ಮೆತ್ತಗೆ ಇರುವುದರಿಂದ ಕೆತ್ತಲು ಸುಲಭ, ಅದೇ ಕಾರಣಕ್ಕೆ ಕೆತ್ತನೆ ಬೇಗ ಸವೆದೂ ಹೋಗಿದೆ. ನದಿ ಉರುಳಿಸಿದ ಕಲ್ಲಾದರೆ ಮೂಲೆ ಗುಂಡಗಿರುತ್ತಿತ್ತು, ಇಲ್ಲಿ ಚೂಪು. ಇದನ್ನು ಸಂಚಿತ ಶಿಲೆ ಎಂದು ಬರೆಯುವುದು ಸಾಮಾನ್ಯ ತಪ್ಪು.

ಮನೋರಿ, ಗೋರಾಯಿ, ಉತ್ತನ್ ಕಡೆ ತಿಳಿಬಣ್ಣದ ಟ್ರ್ಯಾಕೈಟ್, ರಯೋಲೈಟ್ ಇವೆ. ಇವೂ ಲಾವಾವೇ, ಮರಳಿನಲ್ಲಿರುವ ಸಿಲಿಕಾ ಇವುಗಳಲ್ಲಿ ಜಾಸ್ತಿ. ವಯಸ್ಸು ಸುಮಾರು 6 ಕೋಟಿಯಿಂದ 6.2 ಕೋಟಿ ವರ್ಷ. ಘಾಟಿಯ ದೊಡ್ಡ ರಾಶಿಗಿಂತ ಹೊಸದು. ಅಷ್ಟು ದೂರ ಹೋಗಲು ಆಗದಿದ್ದರೆ ಫೋರ್ಟ್‌ನ ಕಾಲಾ ಘೋಡಾಕ್ಕೆ ಹೋಗಿ ಡೇವಿಡ್ ಸಸೂನ್ ಗ್ರಂಥಾಲಯದ ಗೋಡೆ ನೋಡಿ. ಅದು ಹಳದಿ ಮಲಾಡ್ ಕಲ್ಲು, ಊರಿನದೇ ಕಲ್ಲು.

ಹಂತ 7: ಕಂಡದ್ದನ್ನು ಕ್ರಮಕ್ಕೆ ತನ್ನಿ

ಮನೆಗೆ ಬಂದು ಒಂದು ಉದ್ದನೆಯ ಕಂಬ ಎಳೆಯಿರಿ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಪ್ರತಿ ಹರಿವು, ಬೋಲ್, ಕೆಸರಿನ ಪದರವನ್ನು ಅಳತೆಗೆ ತಕ್ಕಂತೆ ತುಂಬಿ. ಪಕ್ಕದಲ್ಲಿ ಓರೆ, ಡೈಕ್ ಬರೆಯಿರಿ. ಆಮೇಲೆ ಈ ದೊಡ್ಡ ಘಟನೆಗಳನ್ನು ಅದರ ಪಕ್ಕ ಜೋಡಿಸಿ.

ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಯಿತು. ಸೇಂಟ್ ಮೇರಿಸ್ ದ್ವೀಪದ ಕಂಬಗಳು ಆ ಬೇರ್ಪಡೆಗೆ ಸೇರಿದವು, ಡೆಕ್ಕನ್ ಟ್ರ್ಯಾಪ್‌ಗೆ ಅಲ್ಲ. ಆಮೇಲೆ ಭಾರತ ವರ್ಷಕ್ಕೆ ಹದಿನೈದು ಸೆಂಟಿಮೀಟರಿನಷ್ಟು ವೇಗದಲ್ಲಿ ಉತ್ತರಕ್ಕೆ ಸರಿಯುತ್ತಾ, ಭೂಗರ್ಭದ ಒಂದು ಬಿಸಿತಾಣದ ಮೇಲೆ ಬಂತು. 6.6 ಕೋಟಿ ವರ್ಷಗಳ ಹಿಂದೆ ಘಾಟಿಯ ಲಾವಾ ಹರಿಯಿತು. ಆ ತಾಣ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ, ಅಲ್ಲಿನ ಜ್ವಾಲಾಮುಖಿ ಇಂದಿಗೂ ಉಕ್ಕುತ್ತದೆ. ಲಕ್ಷದ್ವೀಪ, ಮಾಲ್ಡೀವ್ಸ್ ಸಾಲು ನಾವು ಅದರ ಮೇಲೆ ಹಾದುಬಂದ ಜಾಡು. ಸುಮಾರು 6.2–6.3 ಕೋಟಿ ವರ್ಷಗಳ ಹಿಂದೆ ಸೆಶೆಲ್ಸ್ ಭಾಗ ಪಶ್ಚಿಮಕ್ಕೆ ಕಳಚಿಕೊಂಡಿತು. ಮುಂಬೈಯ ಕೊನೆಯ ಲಾವಾ, ಕರಾವಳಿಯ ಡೈಕ್‌ಗಳು, ಪನ್ವೇಲ್ ಬಾಗು ಎಲ್ಲ ಈ ಒಡಕಿನ ಸುತ್ತಮುತ್ತಲಿನವು. ಒಡೆದ ಅಂಚು ಕೆಳಗಿಳಿದು ಸಮುದ್ರ ಒಳಬಂತು. ಬಸಾಲ್ಟಿನ ಮೇಲೆ ಹೊಸ ಸಮುದ್ರದ ಕೆಸರು, ಸುಣ್ಣ ಕೂತವು. 1974ರಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ್ದು ಅಂಥ ಸುಣ್ಣದಕಲ್ಲಿನಲ್ಲೇ. ಘಾಟಿಯಲ್ಲಿ ಹುಡುಕುವ "ಸಮುದ್ರದ ತಳದ ಪದರ" ನಿಜಕ್ಕೂ ಇರುವುದು ಅಲ್ಲಿ, ಮುಂಬೈ ತೀರದಿಂದ ದೂರ, ನೀರಿನ ಕೆಳಗೆ.

ಲಾವಾ ನಿಂತಿದೆ, ನೆಲದ ಒಳಗಿನ ಬಿರುಕುಗಳು ಸುಮ್ಮನಿಲ್ಲ. ವಜ್ರೇಶ್ವರಿ–ಗಣೇಶಪುರಿಯ ಬಿಸಿನೀರ ಬುಗ್ಗೆಗಳಲ್ಲಿ ನೀರು ಆಳಕ್ಕಿಳಿದು ಕಾದು ಬಿರುಕಿನಲ್ಲಿ ಮೇಲೆ ಬರುತ್ತದೆ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ 6.3 ಪ್ರಮಾಣದ ಭೂಕಂಪವಾಯಿತು. ಅಣೆಕಟ್ಟಿನ ನೀರಿನ ಒತ್ತಡ ಅದನ್ನು ಕೆಣಕಿತು ಎಂಬುದು ವಿಜ್ಞಾನಿಗಳ ಬಹುಮತ. ಆಮೇಲೆ ಅಲ್ಲಿ ಕೊರೆದು ನೋಡಿದಾಗ ಸುಮಾರು 930 ಮೀಟರ್ ಬಸಾಲ್ಟ್, ಅದರ ಕೆಳಗೆ ನೇರವಾಗಿ ಗ್ರಾನೈಟ್ ಜಾತಿಯ ಪುರಾತನ ಕಲ್ಲು ಸಿಕ್ಕಿತು. ನಡುವೆ ಕೆಸರಿನ ಪದರ ಇರಲಿಲ್ಲ. ಶಹಾಬಾದಿನಲ್ಲಿ ಲಾವಾದಡಿ ಸುಣ್ಣದಕಲ್ಲು, ಕೊಯ್ನಾದಲ್ಲಿ ನೇರ ಗ್ರಾನೈಟ್. ಅದಕ್ಕೇ ಒಂದು ಊರಿನ ಕಂಬವನ್ನು ಇನ್ನೊಂದು ಊರಿಗೆ ನಕಲು ಮಾಡಬೇಡಿ.

ಕಂಬದ ತುದಿಗೆ ಬಂದಾಗ ನದಿಯ ಮೆಕ್ಕಲನ್ನೂ ಸೇರಿಸಿ. ಪುಣೆ ಜಿಲ್ಲೆಯ ಬೋರಿ ಎಂಬಲ್ಲಿ ಕುಕಡಿ ನದಿಯ ದಂಡೆಯ ಮೆಕ್ಕಲಿನ ನಡುವೆ ಬಿಳಿ ಬೂದಿಯ ಪದರ ಇದೆ. ಅದು ಡೆಕ್ಕನ್‌ನದಲ್ಲ, ಇಂಡೋನೇಷ್ಯಾದ ಸುಮಾತ್ರಾದ ಟೋಬಾ ಜ್ವಾಲಾಮುಖಿಯಿಂದ ಬಂದದ್ದು. ಸುಮಾರು 75 ಸಾವಿರ ವರ್ಷ ಹಿಂದಿನ ಸ್ಫೋಟದ್ದೋ, ಅದಕ್ಕಿಂತ ಹಳೆಯದೋ ಎಂದು ಸಂಶೋಧಕರು ಬಹಳ ಕಾಲದಿಂದ ವಾದಿಸುತ್ತಿದ್ದಾರೆ. ಅದರ ಜೊತೆಗೇ ಆದಿಮಾನವರ ಕಲ್ಲಿನ ಆಯುಧಗಳೂ ಸಿಕ್ಕಿರುವುದರಿಂದ ಈ ವಾದಕ್ಕೆ ತೂಕ ಜಾಸ್ತಿ. ಅಲ್ಲಿಗೆ ಹೋದರೆ ದಂಡೆಯನ್ನು ಕೆದಕದೆ ನೋಡಿ, ಚಿಟಿಕೆ ಬೂದಿಯನ್ನೂ ತರಬೇಡಿ. ಭೂತಗನ್ನಡಿಯಲ್ಲಿ ಗಾಜಿನ ಚೂರು ಕಾಣುತ್ತದೆಯೇ ಎಂದು ಪರೀಕ್ಷಿಸಿ, ಮೆಕ್ಕಲು ಬೂದಿಯ ಮೇಲೆ ಎಷ್ಟಿದೆ, ಕೆಳಗೆ ಎಷ್ಟಿದೆ ಅಳೆದು, ಕಂಬದ ಮೇಲೆ ಆ ಗೆರೆ ಎಳೆಯಿರಿ.